ಭಾನುವಾರದ ಹೊಗೆ

ಮಾನ್ಯ ಪಾರಂಪರಿಕ ತಾಣಗಳ ಅಭಿವೃದ್ಧಿ ಅಧಿಕಾರಿಗಳೇ,

ಭಾನುವಾರ ಬಂತು ಅಂದ್ರೆ ನಮ್ಮೂರ ಹಳೇ ರೇಷ್ಮೆ ಫ್ಯಾಕ್ಟ್ರಿ ಚಿಮಣೀಲಿ ನೀವು ಹೊಗೆ ಬಿಡುಸ್ತಾ ಇದೀರಿ. ಆ ಹೊಗೆಯಿಂದ ನಮ್ಮವ್ವ ಹಾಳಾಗ್ತಾ ಅವ್ಳೆ. ಇದೇ ನನ್ನ ದೂರು. ಮೊದ್ಲೇ ಹೇಳ್ಬುಟ್ಟೆ, ಯಾಕಂದ್ರೆ ನಿಮ್ಮ ಆಫೀಸ್ನಲ್ಲಿ ಯಾರೂ ಅರ್ಜಿಯ ಮೊದ್ಲ ಸಾಲು ದಾಟಿ ಓದಲ್ಲ ಅನ್ನೋದು ನನ್ಗೆ ಅನುಭವ ಆಗಿದೆ.

ನಾನು ಹತ್ತನೇ ಕ್ಲಾಸ್ ವರ್ಗೂ ಓದಿರೋನು. ನೀವು ಗೇಟ್ ಮುಂದೆ ನೆಟ್ಟಿರೋ ಬೋರ್ಡಿನ ಕನ್ನಡ ನನ್ಗೆ ಬರಿಯೋಕೆ ಬರಲ್ಲ. 'ಜೀವಂತ ಪರಂಪರೆಯ ಅನುಭವ ಕೇಂದ್ರ' ಅಂತ ಹಾಕಿದೀರಿ. ಜೀವಂತ ಅಂತ ಯಾವ್ದನ್ನ ಅಂದ್ರಿ ಅಂತ ನಾನು ಮೂರು ಸುತ್ತು ಹೊಡ್ದು ಹುಡುಕ್ದೆ. ಒಳಗಡೆ ಇದ್ದಿದ್ದು ಒಂದು ಬೀದಿ ನಾಯಿ, ನಿಮ್ಮ ಸೆಕ್ಯೂರಿಟಿ ಗಾರ್ಡು, ಗೋಡೆ ಸಂದೀಲಿ ಹುಟ್ಟಿದ ಒಂದು ಅರಳಿ ಗಿಡ. ಅದಿರ್ಲಿ. ನಾನು ಮಾತಾಡೋ ಹಂಗೇ ಬರಿತೀನಿ, ನೀವು ತಿದ್ಕೊಂಡು ಓದಿ. ನಮ್ಮೂರ ಹೆಸ್ರು ಬರಿಯಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆ ಹೋಗುವಾಗ ಉಡಿಗಾಲ ಕಳ್ದ ಮೇಲೆ ಎಲ್ಲೋ ಒಂದು ಕಡೆ ಅಂತ ಇಟ್ಕೊಳ್ಳಿ. ನಿಮ್ಮ ಬೋರ್ಡಿನಲ್ಲೂ ಊರ ಹೆಸ್ರು ಇಲ್ವಲ್ಲ. ಬಾಣದ ಗುರ್ತು ಅದೆ, ಕಾರ್ ನಿಲ್ಸೋ ಜಾಗದ ಗುರ್ತು ಅದೆ, ಊರಿಲ್ಲ.

ಹೊಗೆ ಬಿಟ್ರೆ ಏನಪ್ಪ ನಷ್ಟ ಅಂತ ನೀವು ಕೇಳ್ಬೋದು. ಕೇಳ್ದೇ ಇದ್ರೂ ಹೇಳ್ತೀನಿ.

ಆ ಫ್ಯಾಕ್ಟ್ರೀಲಿ ದಿನಾ ಕೆಲ್ಸ ಇರ್ತಿರ್ಲಿಲ್ಲ. ಗೂಡು ಬಂದ ದಿನ ಮಾತ್ರ ಕೆಲ್ಸ. ಗೂಡು ಅಂದ್ರೆ ರೇಷ್ಮೆ ಹುಳ ಕಟ್ಟೋ ಗೂಡು, ಕೋಳಿ ಗೂಡಲ್ಲ. ರಾತ್ರಿ ಲಾರೀಲಿ ಗೂಡು ಬಂದ್ರೆ ಬೆಳಿಗ್ಗೆ ಬಾಯ್ಲರ್ ಹಚ್ಚೋರು, ಬರ್ದಿದ್ರೆ ಇಲ್ಲ. ಇದನ್ನ ಯಾರೂ ಮನೆ ಮನೆಗೆ ಬಂದು ಹೇಳ್ತಿರ್ಲಿಲ್ಲ. ಹೆಂಗಸ್ರು ಮುಂಜಾನೆ ಎದ್ದು ಹಿತ್ಲಿಗೆ ಹೋದಾಗ ಚಿಮಣಿ ಕಡೆ ನೋಡೋರು. ಹೊಗೆ ಇದ್ರೆ ಫ್ಯಾಕ್ಟ್ರಿಗೆ ಬುತ್ತಿ ಕಟ್ಟೋರು. ಹೊಗೆ ಇಲ್ದಿದ್ರೆ ಕುಡ್ಲು ತಕ್ಕೊಂಡು ಅರಿಶಿನದ ಹೊಲದಲ್ಲಿ ಕಳೆ ಕೀಳೋಕೆ ಹೋಗೋರು. ನಮ್ಮೂರಲ್ಲಿ ಯಾವ ಹೆಂಗಸಿಗೂ ಗಡಿಯಾರ ಬೇಕಾಗಿರ್ಲಿಲ್ಲ, ಕ್ಯಾಲೆಂಡರೂ ಬೇಕಾಗಿರ್ಲಿಲ್ಲ. ಬೀಗ್ರು ಮನೆಗೆ ಹೊರಡೋ ದಿನ ಹೊಗೆ ಕಂಡ್ರೆ ಪ್ರಯಾಣ ನಿಂತೋಗದು. ಮಳೆಗಾಲದಲ್ಲಿ ಮೋಡ ಯಾವ್ದು, ಹೊಗೆ ಯಾವ್ದು ಅಂತ ಅತ್ತೆ ಸೊಸೆ ಕಿತ್ತಾಡೋರು. ನಮ್ಮಪ್ಪ ಇವತ್ತಿಗೂ ಹೇಳ್ತಾನೆ, "ನಿಮ್ಮವ್ವ ತಾಳಿ ಕಟ್ಟುಸ್ಕೊಂಡಿದ್ದು ನನ್ನ ಕೈಲಿ ಕಣ್ಲಾ, ಮುಖ ನೋಡಿದ್ದೆಲ್ಲ ಆ ಚಿಮಣೀದ."

ನಮ್ಮವ್ವನ ಹೆಸ್ರು ಮೂಗಮ್ಮ. ಬೇಸಿನ್ ಮುಂದೆ ಕೂತ್ಕೊಂಡು, ಕುದಿಯೋ ನೀರಿಗೆ ಬೆರಳಿಟ್ಟು, ಬೆಂದ ಗೂಡಿನಿಂದ ಎಳೆ ಹುಡುಕಿ ರಾಟೆಗೆ ಕೊಡೋದು ಅವ್ಳ ಕೆಲ್ಸ. ಮದ್ವೆ ಆಗಿ ಬಂದ ವರ್ಷದಿಂದ ಫ್ಯಾಕ್ಟ್ರಿ ಮುಚ್ಚೋ ವರ್ಗೂ ಅದೇ ಬೇಸಿನ್ನು. ಆ ಕೈ ಬೆರಳು ತುದಿ ನೀವು ನೋಡ್ಬೇಕು. ಒಂದು ಗೆರೆ ಇಲ್ಲ, ನುಣ್ಣಗೆ, ಹೊಳೆ ಕಲ್ಲಿನಂಗೆ. ರೇಷನ್ ಅಂಗ್ಡೀಲಿ ಹೆಬ್ಬೆಟ್ಟು ಇಟ್ರೆ ಮಿಷನ್ನು ಕೆಂಪಗಾಗ್ತದೆ. ಇವ್ಳು ಮೂಗಮ್ಮ ಅಲ್ಲ ಅಂತದೆ. ಅಪ್ಪನ ಹೆಬ್ಬೆಟ್ಟಲ್ಲಿ ಅಕ್ಕಿ ತರ್ತೀವಿ. ಈಗ ನೀವು ಕೇಂದ್ರದ ಒಳಗಡೆ ಗೋಡೆ ತುಂಬ ಒಂದು ಜೊತೆ ಕೈ ಬರ್ಸಿ, ಕೆಳಗೆ 'ಪರಂಪರೆಯ ಕೈಗಳು' ಅಂತ ಹಾಕಿದೀರಿ. ಚಿತ್ರದ ಕೈಗೆ ಡಜನ್ ಬಳೆ ಅವೆ. ಬಳೆ ಹಾಕ್ಕೊಂಡು ಯಾರಾದ್ರೂ ನೂಲು ಬಿಚ್ಚಿದ್ರಾ ಸ್ವಾಮಿ? ಎಳೆ ಸಿಕ್ಕಾಕ್ಕೊಳ್ಳಲ್ವಾ? ನಮ್ಮವ್ವ ಮನೆ ಬಿಡೋ ಮುಂಚೆ ಬಳೆ ಬಿಚ್ಚಿ ಸೆರಗಿನ ತುದೀಲಿ ಗಂಟು ಹಾಕೋಳು, ಸಂಜೆ ಬಂದು ಹಾಕ್ಕೊಳ್ಳೋಳು. ಗೋಡೆ ಮೇಲಿರೋ ಕೈಗೆ ಪರಂಪರೆ ಅಂತ ಮರ್ಯಾದೆ. ನಿಜವಾದ ಕೈನ ಸರ್ಕಾರದ ಒಂದು ಮಿಷನ್ನೂ ಗುರ್ತು ಹಿಡಿಯಲ್ಲ. ಇದ್ರಲ್ಲಿ ಯಾವ್ದು ನಮ್ದು, ಯಾವ್ದು ನಿಮ್ದು ಅಂತ ಸ್ವಲ್ಪ ವಿಂಗಡಿಸಿ ತಿಳಿಸಿದ್ರೆ ಉಪಕಾರ ಆಗ್ತದೆ.

ಆವಾಗ ಸುತ್ತೂರ ಜನ ನಮ್ಮನ್ನ 'ಗೂಡ್ನೋರು' ಅನ್ನೋರು. ಪ್ರೀತೀಲಿ ಅಲ್ಲ. ಬೆಂದ ಹುಳದ ವಾಸ್ನೆ ಸೀರೆಗೆ, ತಲೆಗೆ, ಹಾಸ್ಗೆಗೆಲ್ಲ ಹತ್ಕೊಂಡಿರೋದು. ಬಸ್ಸಲ್ಲಿ ನಮ್ಮವ್ವ ಕೂತ್ರೆ ಪಕ್ಕದೋರು ಎದ್ದೋಗೋರು. ಸ್ಕೂಲಲ್ಲಿ ನನ್ಗೂ ಅದೇ ಹೆಸ್ರು. ನನ್ಗೆ ಸಾಯೋಷ್ಟು ನಾಚ್ಕೆ ಆಗೋದು. ನಾನು ಹತ್ತನೇ ಕ್ಲಾಸ್ ಪರೀಕ್ಷೆ ಬರ್ದ ವರ್ಷ ಫ್ಯಾಕ್ಟ್ರಿ ಮುಚ್ತು. ಹೊರದೇಶದ ನೂಲು ಬಂತು ಅಂದ್ರು, ನಷ್ಟ ಅಂದ್ರು, ಬೀಗ ಹಾಕಿದ್ರು. ಅವ್ರ ಬೀಗದ ಜೊತೆ ನನ್ನ ಓದೂ ನಿಂತೋಯ್ತು. ವಾಸ್ನೆ ಎರಡು ವರ್ಷಕ್ಕೆ ಹೋಯ್ತು. ಆಮೇಲೆ ಗೊತ್ತಾಯ್ತು, ವಾಸ್ನೆ ಹೋದ ಮೇಲೆ ನಮ್ಮನ್ನ ಏನಂತ ಕರೀಬೇಕು ಅಂತ ಯಾರಿಗೂ ತಿಳೀಲಿಲ್ಲ ಅಂತ. ನಮ್ಗೂ ತಿಳೀಲಿಲ್ಲ.

ನಾನು ಗುಂಡ್ಲುಪೇಟೆ ತರಕಾರಿ ಮಂಡೀಲಿ ಲೋಡ್ ಮಾಡ್ದೆ, ಬೇಗೂರಲ್ಲಿ ಪಂಚರ್ ಹಾಕ್ದೆ, ಗಡಿ ದಾಟಿ ಕೇರಳದ ಹೋಟ್ಲಲ್ಲಿ ಪರೋಟ ಲಟ್ಟಿಸ್ದೆ. ಎಲ್ಲೂ ನಿಲ್ಲಲಿಲ್ಲ. ಹೋಟ್ಲು ಯಜಮಾನ ಯಾವೂರು ಅಂತ ಕೇಳ್ದ. ಹೇಳ್ದೆ. ಅವನಿಗೆ ತಿಳೀಲಿಲ್ಲ. "ಬಂಡೀಪುರದ ಹತ್ರ ಸಾ" ಅಂದೆ. "ಓ, ಆನೆ!" ಅಂದ. ಅವತ್ತಿಂದ ಆ ಹೋಟ್ಲಲ್ಲಿ ನನ್ನ ಹೆಸ್ರು ಆನೆ. ಸತ್ಯವಾಗ್ಲೂ ಹೇಳ್ತೀನಿ, ನಮ್ಮೂರಿಗೆ ಒಂದು ಆನೆಯೂ ಬಂದಿದ್ದು ನಾನು ನೋಡಿಲ್ಲ. ಕೆಲ್ಸ ಬುಟ್ಟು ಮನೆಗೆ ಬಂದಾಗ ಅವ್ವ ಅಂದ್ಲು, "ನಿನ್ಗ ಒಂದು ಚಿಮಣಿ ಇಲ್ಲ ಕಣ್ಲಾ ಮಗ, ಅದ್ಕೇ ಹಿಂಗ ಅಲಿತಿ." ಬಯ್ದಿದ್ದಲ್ಲ ಅದು. ಅಯ್ಯೋ ಪಾಪ ಅಂದಂಗಿತ್ತು.

ಈಗ ನಿಮ್ಮ ಉದ್ಘಾಟನೆ ದಿನಕ್ಕೆ ಬತ್ತೀನಿ.

ಆರು ತಿಂಗ್ಳಿಂದ ಒಳಗಡೆ ಸುಣ್ಣ ಬಳಿಯೋದು, ಟೈಲ್ಸ್ ಹಾಕೋದು ನಡೀತಿತ್ತು. ಏನು ಅಂತ ಊರೋರಿಗೆ ಯಾರೂ ಹೇಳಿರ್ಲಿಲ್ಲ. ಗಾರೆ ಕೆಲ್ಸದೋರ್ನ ಕೇಳಿದ್ರೆ "ಗವರ್ಮೆಂಟ್ ಕೆಲ್ಸ" ಅನ್ನೋರು. ಅವತ್ತು ಬೆಳಿಗ್ಗೆ ನಾನಿನ್ನೂ ಮಲಗಿದ್ದೆ. ಅವ್ವ ಹಿತ್ಲಿಂದ ಓಡಿ ಬಂದು ಕಂಬಳಿ ಕಿತ್ಲು.

"ಮಾದೇಸ, ಎದ್ದೇಳ್ಲಾ! ಒಲೆ ಹಚ್ಚು. ಹೊಗೆ ಬಂದದ ಕಣ್ಲಾ, ಕೆಲ್ಸ ಅದ!"

ನಾನು ಹೊರಗೆ ಬಂದು ನೋಡಿದ್ರೆ ನಿಜ. ಹನ್ನೊಂದು ವರ್ಷ ತಣ್ಣಗೆ ನಿಂತಿದ್ದ ಚಿಮಣೀಲಿ ಕರ್ರಗೆ ಹೊಗೆ. ಬೇಲಿ ಆಚೆಯಿಂದ ಯಶೋದಮ್ಮ ಕೂಗಿದ್ಲು. ಅವ್ಳೂ ಅಲ್ಲೇ ಕೆಲ್ಸ ಮಾಡ್ತಿದ್ದೋಳು, ಅವ್ವನ ಪಕ್ಕದ ಬೇಸಿನ್ನು.

"ಮೂಗಕ್ಕ, ನೋಡ್ದಾ?"

"ನೋಡ್ದಿ ಕಣಮ್ಮಿ. ಬಿರ್ನೆ ಬಾ, ತಡ ಆದ್ರ ಗೇಟ್ ಹಾಕ್ಬುಡ್ತಾರ!"

"ನನ್ಗ ಈಗ ಕಣ್ಣು ಮಂಜು ಕಣಕ್ಕ, ಎಳೆ ಕಂಡದಾ?"

"ಎಳೆ ಹುಡುಕದು ಬೆರಳಲ್ಲಿ, ಕಣ್ಣಲ್ಲಿ ನೋಡಿದ್ದು ಯಾವತ್ತೇ ನೀನು? ಬಾ ಅಂದ್ರ."

ಅವ್ವ ಸಾಸ್ವೆ ತುಂಬ್ಸಿಟ್ಟಿದ್ದ ಹಳೇ ಟಿಫನ್ ಡಬ್ಬಿ ಖಾಲಿ ಮಾಡಿ ತೊಳ್ದು, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕ್ಕೊಂಡ್ಲು. ಪೆಟ್ಟಿಗೆ ತಳದಿಂದ ಫ್ಯಾಕ್ಟ್ರಿ ಸೀರೆ ತೆಗ್ದು ಉಟ್ಲು. ಬಳೆ ಬಿಚ್ಚಿ ಸೆರಗಿಗೆ ಗಂಟು ಹಾಕಿದ್ಲು. ನಾನು "ಅವ್ವ, ಕೇಳ್ಕೊಂಡು ಬತ್ತೀನಿ ತಾಳು" ಅಂದೆ. "ಹೊಗೆ ಅದಲ್ಲ, ಇನ್ನೇನ್ಲಾ ಕೇಳದು?" ಅಂದ್ಲು. ನಾನೂ ಹಿಂದೆ ಹೊರಟೆ. ಅವ್ವನ ಮಾತಿಗೆ ನಿಮ್ಮ ಹತ್ರ ಉತ್ರ ಅದೆಯಾ?

ಗೇಟ್ ಹತ್ರ ಹೋದ್ರೆ ನಾವೇ ಕಡೆ. ಎಲ್ಲ ಬಂದಿದ್ರು. ಕೋಲು ಹಿಡ್ಕೊಂಡು ಬಂದೋರು ಇದ್ರು, ಮೊಮ್ಮಕ್ಕಳ ಕೈ ಹಿಡ್ಕೊಂಡು ಬಂದೋರು ಇದ್ರು. ನಿಂತಿದ್ದು ಹೆಂಗೆ ಗೊತ್ತಾ? ಒಳಗಡೆ ಬೇಸಿನ್ ಯಾವ ಸಾಲಲ್ಲಿ ಇದ್ವೋ ಅದೇ ಸಾಲು. ಯಾರೂ ನಿಲ್ಸಿದ್ದಲ್ಲ, ತಮ್ಮಷ್ಟಕ್ಕೇ ನಿಂತಿದ್ರು. ಮಧ್ಯ ಮಧ್ಯ ಜಾಗ ಖಾಲಿ ಬುಟ್ಟಿದ್ರು. "ಮುಂದಕ್ಕೆ ಸರ್ಕೊಳ್ಳವ್ವ, ಜಾಗ ಅದಲ್ಲ" ಅಂದೆ ನಾನು.

"ಅದು ಶಾಂತಿ ಜಾಗ ಕಣ್ಲಾ. ತೀರ್ಕೊಂಡ್ಲಲ್ಲ."

ನಿಮ್ಮ ಗಾರ್ಡು ಬಂದು "ಪಾಸ್ ಇದ್ಯಾ?" ಅಂದ. ಹೆಂಗಸ್ರು ಎಲ್ಲ ನಕ್ಕುಬುಟ್ರು. "ನಮ್ಗ ಪಾಸ್ ಅಂತೆ ಕಣಕ್ಕ! ಅಲ್ಲ ಕಣಪ್ಪ, ನೀನು ಯಾವೂರೋನು?" ಅಂತ ಯಶೋದಮ್ಮ ಅವನನ್ನೇ ವಿಚಾರ್ಣೆ ಮಾಡಿದ್ಲು. ಅಷ್ಟೊತ್ತಿಗೆ ನಿಮ್ಮ ಕಾರು ಬಂತು, ಹಿಂದೆ ಇನ್ನಷ್ಟು ಕಾರು. ನೀವು ಇಳಿದ್ರಿ. ಸಾಲು ನೋಡಿದ್ರಿ, ಡಬ್ಬಿ ನೋಡಿದ್ರಿ, ಬೋಳು ಕೈ ನೋಡಿದ್ರಿ. ನಿಮ್ಮ ಮುಖ ಅರಳ್ತು. ಪಕ್ಕದೋರಿಗೆ "ಎಷ್ಟು ನ್ಯಾಚುರಲ್ ಆಗಿ ಅರೇಂಜ್ ಮಾಡಿದಾರೆ!" ಅಂದ್ರಿ. ನಾನು ಅಲ್ಲೇ ಇದ್ದೆ, ಕೇಳಿಸ್ಕೊಂಡೆ. ಯಾರೋ ಕಾಂಟ್ರ್ಯಾಕ್ಟರು ಇವ್ರನ್ನ ನಾಟಕಕ್ಕೆ ಕರ್ಸವ್ನೆ ಅಂತ ನೀವು ತಿಳ್ಕೊಂಡ್ರಿ. ಸಾಹೇಬ್ರು ಕೆಲ್ಸಕ್ಕೆ ಕರಿಯೋಕೆ ಬಂದವ್ರೆ ಅಂತ ಅವ್ರು ತಿಳ್ಕೊಂಡ್ರು. ನಿಮ್ಮ ತಪ್ಪಿಗೆ ಜನ ಚಪ್ಪಾಳೆ ಹೊಡುದ್ರು.

ಒಳಗೆ ಕರ್ಕೊಂಡೋದ್ರಿ. ಬೇಸಿನ್ ಮುಂದೆ ಕೂರುಸಿದ್ರಿ. ಕ್ಯಾಮೆರಾದೋರು ಮುತ್ಕೊಂಡ್ರು. ಬೇಸಿನ್ನಲ್ಲಿ ನೀರಿತ್ತು, ನೀರಿನ ಮೇಲೆ ಬೆಳ್ಳಗೆ ಗೂಡು ತೇಲ್ತಿದ್ವು. ಅವ್ವ ಎರಡೂ ಕೈ ಅದ್ದಿದ್ಲು. ಅದ್ದಿದೋಳು ಹಂಗೇ ಕೂತ್ಬುಟ್ಲು. ಆಮೇಲೆ ಮೆಲ್ಲಗೆ ಅಂದ್ಲು, "ಬುದ್ದಿ, ನೀರು ಕಾದಿಲ್ಲ." ನೀವು "ಹಾಗೇ ಇರ್ಲಿ ಅಮ್ಮ, ಸ್ವಲ್ಪ ನಗಿ" ಅಂದ್ರಿ. ಅವ್ವ ಒಂದು ಗೂಡು ಎತ್ಕೊಂಡು ಹಿಸುಕಿದ್ಲು. ಪ್ಲಾಸ್ಟಿಕ್ಕು. ಟಕ್ ಅಂತು. ಅದನ್ನ ಒಡೆದಾಕ್ಬುಟ್ನೇನೋ ಅನ್ನಂಗೆ ಹೆದ್ರಿ ವಾಪಸ್ ನೀರಿಗೆ ಬುಟ್ಲು.

"ನಿಜವಾದ ಗೂಡು ಯಾವಾಗ ಬತ್ತದ ಬುದ್ದಿ?"

ನೀವು ಹೇಳಿದ್ದು ನಿಮ್ಗೆ ಜ್ಞಾಪ್ಕ ಇರಲ್ಲ. ನನ್ಗೆ ಇದೆ. ಬಲು ಪ್ರೀತೀಲಿ, ಅವ್ಳ ಹೆಗಲ ಮೇಲೆ ಕೈಯಿಟ್ಟು ಹೇಳಿದ್ರಿ: "ಗೂಡು ಬರಲ್ಲಮ್ಮ. ಇನ್ಮುಂದೆ ಜನ ಬರ್ತಾರೆ."

ಆವಾಗ್ಲೇ ಹಿಂದುಗಡೆಯಿಂದ ಗಲಾಟೆ ಕೇಳುಸ್ತು. ಚೆಲುವಯ್ಯ ದೊಡ್ಡಪ್ಪ. ಅವ್ನು ಬಾಯ್ಲರ್ ಹಚ್ತಿದ್ದೋನು. ಹೊಗೆ ನೋಡಿ, ತನ್ನ ಕೆಲ್ಸ ಯಾರಿಗೋ ಕೊಟ್ಬುಟ್ರು ಅಂತ ಪಂಚೆ ಎತ್ಕಟ್ಟಿ ಓಡಿ ಬಂದಿದ್ದ. "ಯಾವನ್ಲಾ ಅಂವ, ನನ್ನ ಬಾಯ್ಲರ್‌ಗ ಬೆಂಕಿ ಇಟ್ಟೋನು? ಒಡ್ದೋದ್ರ ನಿಮ್ಮಪ್ಪ ಬಂದು ಕಟ್ಕೊಟ್ಟನಾ?" ಚಿಮಣಿಗೆ ಬೆಂಕಿ ಹಾಕ್ತಿದ್ದ ನಿಮ್ಮ ಕೂಲಿ ಹುಡುಗ್ರು ನಗ್ತಾ ಇದ್ರು. "ಬಾಯ್ಲರ್ ಎಲ್ಲಿದೆ ತಾತ, ಅದನ್ನ ಗುಜ್ರಿಗೆ ಹಾಕಿ ಎಷ್ಟು ಕಾಲ ಆಯ್ತು! ಚಿಮಣಿ ಬುಡದಲ್ಲಿ ಹಳೇ ಟೈರ್ ಸುಡ್ತಾ ಇದೀವಿ. ಬರೀ ಹೊಗೆಗೆ." ಚೆಲುವಯ್ಯ ದೊಡ್ಡಪ್ಪ ಕಟ್ಟಿದ್ದ ಪಂಚೆ ಇಳ್ಸಿ, ಬಂದ ದಾರೀಲಿ ಹೋದ. ಅವನು ಹಂಗೆ ಮೆಲ್ಲಗೆ ನಡ್ದಿದ್ದು ನಾನು ಯಾವತ್ತೂ ನೋಡಿರ್ಲಿಲ್ಲ.

ಹೆಂಗಸ್ರು ಮನೆಗೆ ಬರ್ಲಿಲ್ಲ. ಕಟ್ಟಿದ ಬುತ್ತಿ ಬಿಚ್ದೆ ವಾಪಸ್ ತಂದ್ರೆ ಮನೆಗೆ ಒಳ್ಳೇದಲ್ಲ ಅಂತ ನಮ್ಮಲ್ಲಿ. ಗೇಟ್ ಆಚೆ ಹುಣಸೆ ಮರದ ಕೆಳಗೆ ಕೂತು, ಮಧ್ಯಾಹ್ನ ಆಗೋ ವರ್ಗೂ ಕಾದು, ಊಟದ ಹೊತ್ತಿಗೆ ಸರಿಯಾಗಿ ಡಬ್ಬಿ ಬಿಚ್ಚಿ ತಿಂದ್ರು. ನಿಮ್ಮ ಅತಿಥಿಗಳು ಅದನ್ನೂ ಫೋಟೋ ಹೊಡ್ಕೊಂಡ್ರು.

ಒಂದೇ ದಿನ ಆಗಿದ್ರೆ ನಾನು ಈ ಕಾಗ್ದ ಬರೀತಿರ್ಲಿಲ್ಲ. ತಪ್ಪಾಯ್ತು, ಹೋಗ್ಲಿ ಅಂತಿದ್ದೆ. ಆದ್ರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋ ಕಾರುಗಳು ರಜಾ ದಿನ ನಮ್ಮೂರ ಮೇಲೆ ತಿರುಗ್ಲಿ ಅಂತ ನೀವು ಪ್ರತಿ ಭಾನುವಾರ ಹೊಗೆ ಬಿಡೋ ಯೋಜನೆ ಹಾಕಿದ್ರಿ. ದೂರದಿಂದ ಕಾಣ್ತದಲ್ಲ. ಒಳ್ಳೇ ಉಪಾಯ. ದೂರದಿಂದ ಕಾಣೋದಕ್ಕೇ ಅಲ್ವಾ ಆ ಚಿಮಣಿ ಕಟ್ಟಿದ್ದು!

ಈಗ ಪ್ರತಿ ಭಾನುವಾರ ಮುಂಜಾನೆ ಅವ್ವ ಹಿತ್ಲಲ್ಲಿ ನಿಂತಿರ್ತಾಳೆ. ಅವ್ಳಿಗೆ ತಿಳೀದು ಅಂತ ಅಂದ್ಕೋಬೇಡಿ, ದಡ್ಡಿ ಅಲ್ಲ ಅವ್ಳು. ಟೈರ್ ಅಂತ ಗೊತ್ತು, ಕಾರಿನೋರಿಗೆ ಅಂತ ಗೊತ್ತು. ಆದ್ರೂ ಬಳೆ ಬಿಚ್ಚಿರ್ತಾಳೆ. "ಯಾಕವ್ವ ಬಿಚ್ದೆ?" ಅಂದ್ರೆ ಕೈ ನೋಡ್ಕೋತಾಳೆ, "ಯಾವಾಗ್ಲಾ ಬಿಚ್ದಿ ನಾನು?" ಅಂತಾಳೆ. ಹೋದ ತಿಂಗ್ಳು ಬಾಗ್ಲಿಗೆ ಅಡ್ಡ ನಿಂತೆ. "ಗೊತ್ತಿದ್ದೂ ಹೊರಟಿದೀಯಲ್ಲ" ಅಂತ ಕಿರುಚ್ದೆ. "ನನ್ಗ ತಿಳ್ದದ ಕಣ್ಲಾ. ಈ ಕಾಲ್ಗ ಯೋಳೋರ್ಯಾರು?" ಅಂದ್ಲು. ಹುಣಸೆ ಮರದ ತನಕ ಹೋಗ್ತಾಳೆ, ಕೂತಿರ್ತಾಳೆ, ಬತ್ತಾಳೆ. ಯಶೋದಮ್ಮ ಎರಡು ವಾರ ಜೊತೆಗೆ ಹೋದ್ಲು, ಆಮೇಲೆ ಹೊಗೆ ಕಣ್ಣಿಗೆ ಬೀಳ್ದಿರ್ಲಿ ಅಂತ ತನ್ನ ಮನೆ ಹಿತ್ಲ ಬಾಗ್ಲನ್ನೇ ಹಲಗೆ ಹೊಡ್ದು ಮುಚ್ಚಿಸ್ಬುಟ್ಲು. ಸೋಮವಾರ ಅವ್ವ ಮಾತಾಡಲ್ಲ. ಮಂಗಳವಾರ ಹೊಲಕ್ಕೆ ಹೋದ್ರೂ ಕಳೆ ಬುಟ್ಟು ಪೈರು ಕಿತ್ತಾಕ್ತಾಳೆ. ಹೊಲದೋರು ಇನ್ನು ಕಳಿಸ್ಬೇಡ ಅಂದವ್ರೆ. ಮುಚ್ಚಿದ್ ಫ್ಯಾಕ್ಟ್ರಿನ ಹೆಂಗೋ ಮರೆತು ಬದ್ಕಿದ್ಲು ಸ್ವಾಮಿ. ಹನ್ನೊಂದು ವರ್ಷ ಹಿಡೀತು ಮರಿಯೋಕೆ. ನಿಮ್ಮ ಪರಂಪರೆ ಸಂರಕ್ಷಣೆ ಒಂದೇ ಬೆಳಿಗ್ಗೇಲಿ ಆ ಮರೆವನ್ನ ಮುಗಿಸ್ತು.

ನಿಮ್ಮ ಚಾಮರಾಜನಗರದ ಆಫೀಸ್ಗೆ ಬಂದಿದ್ದೆ. ನೀವು ಮೀಟಿಂಗಲ್ಲಿ ಇದ್ರಿ. ನಿಮ್ಮ ಗುಮಾಸ್ತರು ಮರ್ಯಾದಸ್ತರು, ಕೂತ್ಕೋ ಅಂದ್ರು.

"ಹೊಗೆಯಿಂದ ಕೆಮ್ಮು ಬಂದಿದ್ಯಾ?"

"ಇಲ್ಲ ಸಾ."

"ಬೆಳೆ ಹಾಳಾಯ್ತಾ?"

"ಇಲ್ಲ ಸಾ. ನಮ್ಮವ್ವ ಕೆಲ್ಸಕ್ಕೆ ಹೊರಟ್ಬುಡ್ತಾಳೆ."

ಪೆನ್ನು ಕೆಳಗಿಟ್ರು. "ಅದು ಯಾವ ಸೆಕ್ಷನ್‌ಗೂ ಬರಲ್ಲಪ್ಪ. ಮನೇಲಿ ಹೇಳ್ರಿ, ಹೋಗ್ಬೇಡಿ ಅಂತ."

ಅವ್ರು ಹೇಳಿದ್ದೂ ನಿಜವೇ. ಕೆಮ್ಮಿಗೆ ಸೆಕ್ಷನ್ ಅದೆ, ಬೆಳೆಗೆ ಅದೆ, ಹಳೇ ಕಟ್ಟಡಕ್ಕೆ ಅದೆ. ಇಟ್ಟಿಗೆ ಉಳಿಸೋಕೆ ನೀವು ಇದೀರಿ. ಇಟ್ಟಿಗೆ ಒಳಗೆ ಇದ್ದೋರು ಏನಾದ್ರು ಅಂತ ಕೇಳೋಕೆ ಯಾವ ಕುರ್ಚಿಯೂ ಇಲ್ಲ. ಫ್ಯಾಕ್ಟ್ರಿ ತೆರೀರಿ ಅಂತ ನಾನು ಕೇಳಲ್ಲ. ಅದು ಆಗಲ್ಲ ಅಂತ ನನ್ಗೂ ಗೊತ್ತು, ಬಾಯ್ಲರ್ ಗುಜರೀಲಿ ಅದೆ. ನನ್ನಂಥೋರಿಗೆ ಒಂದು ಚಿಮಣಿ ಕೊಡಿ ಅಂತಲೂ ಕೇಳಲ್ಲ. ಹೊಗೆ ನಿಲ್ಸಿ, ಚಿಮಣಿ ತಣ್ಣಗಿರ್ಲಿ, ಸತ್ತಿರೋದನ್ನ ಸತ್ತಂಗೇ ಇರೋಕೆ ಬುಡಿ. ಇಷ್ಟೇ ಕೇಳಿ ಕಾಗ್ದ ಮುಗಿಸ್ಬೇಕು ಅಂತಿದ್ದೆ.

ಮುಗಿಸೋ ಮುಂಚೆ ನಿನ್ನೆ ಸಂಜೆ ಅವ್ವಂಗೆ ಓದಿ ಹೇಳ್ದೆ. ಜಗಲೀಲಿ ಕೂತು ಅವರೆಕಾಯಿ ಸುಲೀತಿದ್ಲು. ಬಳೆ ಚಿತ್ರದ ವಿಷ್ಯ ಬಂದಾಗ ನಕ್ಲು. ಶಾಂತಿ ಜಾಗ ಅಂತ ಬಂದಾಗ ಸುಲಿಯೋದು ನಿಲ್ಲಿಸಿದ್ಲು. 'ಹೊಗೆ ನಿಲ್ಸಿ' ಅಂತ ಓದ್ದಾಗ ತಲೆ ಎತ್ತಿದ್ಲು.

"ಅದ ಬರೀಬ್ಯಾಡ ಕಣ್ಲಾ."

"ಯಾಕವ್ವ? ನಿನ್ಗೋಸ್ಕರನೇ ಬರ್ದಿರೋದು."

"ನಿಲ್ಸು ಅನ್ಬ್ಯಾಡ ಕಣಪ್ಪ." ಸ್ವಲ್ಪ ಹೊತ್ತು ಕಾಳು ಬಿಡಿಸಿದ್ಲು. "ಟೈರ್ ಬ್ಯಾಡ, ಸೌದೆ ಹಾಕಿ ಅಂತ ಬರಿ. ಮತ್ತ ಒಂದು ಬೇಸಿನ್‌ಗ ನೀರು ಕಾಯ್ಸಿ ಅಂತ ಬರಿ. ಗೂಡು ಬ್ಯಾಡ, ಸುಮ್ನ ನೀರು. ಕೈ ಇಟ್ಟು ಬತ್ತೀನಿ."

ನನ್ಗೆ ಸಿಟ್ಟು ಬಂತು. ಕಾಗ್ದ ಹರಿದಾಕಣ ಅಂತ ಎದ್ದೆ. ಎದ್ದೋನು ಎಲ್ಲಿಗೆ ಹೋಗ್ಲಿ? ಎದುರುಗಡೆ ಚಿಮಣಿ.

ಆದ್ರಿಂದ ಮಾನ್ಯರೇ, ನನ್ನ ಬೇಡಿಕೆ ಬದ್ಲಾಯ್ತು. ಮೇಲೆ ಬರ್ದಿರೋ ನ್ಯಾಯ ಎಲ್ಲ ಪಕ್ಕಕ್ಕಿಡಿ. ಬರುವ ಭಾನುವಾರ ಹೊಗೆಗೆ ಟೈರ್ ಬದ್ಲು ಸೌದೆ ಹಾಕ್ಸಿ. ಕಿಟಕಿ ಕಡೆಯಿಂದ ಮೂರನೇ ಬೇಸಿನ್ನು ನಮ್ಮವ್ವಂದು. ಅದಕ್ಕೆ ಒಂದು ಬಿಂದಿಗೆ ಕುದಿಯೋ ನೀರು ಹುಯ್ಸಿ. ನೀರು ನಾನೇ ಕಾಯ್ಸಿ ತರ್ತೀನಿ ಅಂದ್ರೂ ಆಯ್ತು, ಒಳಗೆ ಬಿಡಿ ಅಂತ ನಿಮ್ಮ ಗಾರ್ಡಿಗೆ ಒಂದು ಮಾತು ಹೇಳಿ. ಪ್ಲಾಸ್ಟಿಕ್ ಗೂಡು ಎತ್ತಿಟ್ಬುಡಿ, ಬಿಸೀಲಿ ಕರಗ್ತವೆ. ಆ ಹೊತ್ತಲ್ಲಿ ಯಾರೂ ಫೋಟೋ ಹೊಡೀಬಾರ್ದು. ಅವ್ಳಿಗೆ ನಗಿ ಅಂತ ಯಾರೂ ಹೇಳ್ಬಾರ್ದು.

ಇದು ಕೇಳೋಕೆ ನನ್ಗೆ ನಾಚ್ಕೆ ಆಗ್ತದೆ. ನೀವು ಇದನ್ನೂ ಕೊಡಲ್ಲ ಅನ್ನೋದು ಗೊತ್ತಿದ್ರೂ ಕೇಳಿದೀನಿ.

ಇಂತಿ, ಗೂಡಿಲ್ಲದ ಊರಿನ ಗೂಡ್ನೋರ ಪೈಕಿ,
ಕಿಟಕಿಯಿಂದ ಮೂರನೇ ಬೇಸಿನ್ನಿನ ಮೂಗಮ್ಮನ ಮಗ,
ಮಾದೇಶ